ಹಣ ಆನ್‌ಲೈನ್‌ನಲ್ಲಿ, ಬಂದೂಕು ಅಂಗಡಿಯಲ್ಲಿ

ಅಮೆರಿಕದಲ್ಲಿ ಬಂದೂಕನ್ನೂ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದಂತೆ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಲಿನ ಶಾಲೆಯಲ್ಲೋ ಚರ್ಚಿನಲ್ಲೋ ಗುಂಡು ಹಾರಿದ ಸುದ್ದಿ ಬಂದ ಮರುದಿನವಂತೂ ಈ ಮಾತು ತಪ್ಪುವುದಿಲ್ಲ. ಇದರಲ್ಲಿ ಅರ್ಧ ಮಾತ್ರ ನಿಜ. ಬಂದೂಕನ್ನು ಆರಿಸುವುದು, ಚೌಕಾಸಿ ಮಾಡುವುದು, ಹಣ ಕಟ್ಟುವುದು ಎಲ್ಲವೂ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಆದರೆ ವಸ್ತು ಮನೆ ಬಾಗಿಲಿಗೆ ಬರುವುದಿಲ್ಲ. ಕೊಳ್ಳುವವನ ಊರಿನಲ್ಲೇ ಇರುವ, ಪರವಾನಗಿ ಪಡೆದ ಒಬ್ಬ ಡೀಲರ್ ಅಂಗಡಿಗೆ ಹೋಗುತ್ತದೆ. ಕೊಂಡವನು ಅಲ್ಲಿಗೆ ಹೋಗಿ ಗುರುತಿನ ಚೀಟಿ ತೋರಿಸಬೇಕು, ಫಾರಂ ತುಂಬಬೇಕು, ಎಫ್‌ಬಿಐ ಕಡೆಯಿಂದ ‘ಆಗಬಹುದು’ ಎಂಬ ಉತ್ತರ ಬರುವವರೆಗೆ ಕಾಯಬೇಕು. ಪೆಟ್ಟಿಗೆ ಕೈಗೆ ಸಿಗುವುದು ಆಮೇಲೆ. ಈ ವ್ಯವಹಾರವನ್ನು ಅಲ್ಲಿನವರು ‘ಟ್ರಾನ್ಸ್‌ಫರ್’ ಎನ್ನುತ್ತಾರೆ.

ನಮ್ಮ ಪದ್ಧತಿಗೆ ಒಗ್ಗಿದವರಿಗೆ ಇದು ತಲೆಕೆಳಗಾಗಿ ಕಾಣಬಹುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಮೊದಲು ಕೊಳ್ಳುವವನ ಹೆಸರಿಗೆ ಆಗಬೇಕು. ಅದಕ್ಕೆ ಜಿಲ್ಲಾಧಿಕಾರಿಯೋ ಪೊಲೀಸ್ ಕಮಿಷನರೋ ಒಪ್ಪಬೇಕು. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಕಥೆ ಬೇರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕೊಳ್ಳುವವನಿಗೆ ಪರವಾನಗಿಯೇ ಬೇಡ. ಬೇಕಾಗಿರುವುದು ಮಾರುವ ವ್ಯಾಪಾರಿಗೆ. ಹಾಗಾಗಿ ಬಂದೂಕು ಯಾರ ಕೈಗೆ ಹೋಗುತ್ತಿದೆ ಎಂದು ಸರ್ಕಾರ ನೋಡುವ ಜಾಗ ಹೆಚ್ಚುಕಡಿಮೆ ಒಂದೇ: ಅಂಗಡಿಯ ಕೌಂಟರ್. ಅಮೆರಿಕದ ಬಂದೂಕು ಕಾನೂನಿನ ಬಲ, ದೌರ್ಬಲ್ಯ ಎರಡನ್ನೂ ಅರಿಯಬೇಕಾದರೆ ಬಂದೂಕು ಹೊಂದುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ವಾದವಿವಾದಗಳಿಗಿಂತ ಈ ಕೌಂಟರನ್ನು ಗಮನಿಸುವುದು ಹೆಚ್ಚು ಉಪಯುಕ್ತ ಎಂದು ನಾನು ನಂಬಿದ್ದೇನೆ.

ಟ್ರಾನ್ಸ್‌ಫರ್ ನಡೆಯುವ ಬಗೆ ಹೀಗೆ. ಓಹಾಯೋದಲ್ಲಿರುವ ಒಬ್ಬರು ಕೆಂಟುಕಿಯ ವ್ಯಾಪಾರಿಯಿಂದ ಒಂದು ಪಿಸ್ತೂಲನ್ನು ಆನ್‌ಲೈನ್‌ನಲ್ಲಿ ಕೊಳ್ಳುತ್ತಾರೆ ಎಂದುಕೊಳ್ಳಿ. ಹಣ ಕಟ್ಟುವ ಮೊದಲೇ ಅವರು ತಮ್ಮ ಊರಿನ ಡೀಲರ್‌ಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಹೊರಗಿನ ಮಾಲನ್ನು ಟ್ರಾನ್ಸ್‌ಫರ್‌ಗೆ ತೆಗೆದುಕೊಳ್ಳುತ್ತೀರಾ, ಎಷ್ಟು ಶುಲ್ಕ, ಕಳಿಸುವವನು ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಾಗಿದ್ದರೂ ಒಪ್ಪುತ್ತೀರಾ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು. ಆನ್‌ಲೈನ್ ಮಾರಾಟ ತಮ್ಮ ವ್ಯಾಪಾರವನ್ನೇ ಕಸಿಯುತ್ತಿದೆ ಎಂದು ಕೆಲವರು ಟ್ರಾನ್ಸ್‌ಫರ್ ಮುಟ್ಟುವುದೇ ಇಲ್ಲ. ಕೆಲವು ಚಿಕ್ಕ ಅಂಗಡಿಗಳ ಬದುಕೇ ಅದರಿಂದ. ಶುಲ್ಕ ಸಾಮಾನ್ಯವಾಗಿ 20ರಿಂದ 50 ಡಾಲರ್, ದೊಡ್ಡ ನಗರಗಳಲ್ಲಿ ಅದಕ್ಕಿಂತ ಹೆಚ್ಚು. ಡೀಲರ್ ಒಪ್ಪಿದರೆ ತನ್ನ ಪರವಾನಗಿಯ ಪ್ರತಿಯನ್ನು ಮಾರುವವನಿಗೆ ಕಳಿಸುತ್ತಾನೆ. ಕೇಂದ್ರ ಸರ್ಕಾರ ಕೊಡುವ ಈ ಪರವಾನಗಿಗೆ ಎಫ್‌ಎಫ್‌ಎಲ್ ಎಂದು ಹೆಸರು. ಮಾರುವವನು ಅದರ ಮೊದಲ ಮೂರು, ಕೊನೆಯ ಐದು ಅಂಕಿಗಳನ್ನು ಎಟಿಎಫ್ ಎಂಬ ಕೇಂದ್ರ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಪರವಾನಗಿ ಚಾಲ್ತಿಯಲ್ಲಿದೆಯೇ, ವಿಳಾಸ ಸರಿಯೇ ಎಂದು ನೋಡುತ್ತಾನೆ. ಮಾಲು ಕಳಿಸುವುದು ಆ ವಿಳಾಸಕ್ಕೆ ಮಾತ್ರ.

ಪಾರ್ಸೆಲ್ ಬಂದ ಮೇಲೆ ಡೀಲರ್ ತಯಾರಕರ ಹೆಸರು, ಮಾದರಿ, ಸರಣಿ ಸಂಖ್ಯೆ, ಕ್ಯಾಲಿಬರ್ ಎಲ್ಲವನ್ನೂ ಮರುದಿನದ ವಹಿವಾಟು ಮುಗಿಯುವುದರೊಳಗೆ ತನ್ನ ಆವಕ-ಜಾವಕ ಪುಸ್ತಕಕ್ಕೆ ಏರಿಸಬೇಕು. ಆಮೇಲೆ ಗಿರಾಕಿಗೆ ಕರೆ ಹೋಗುತ್ತದೆ. ಬಂದವರು ಮೊದಲು ಪೆಟ್ಟಿಗೆ ತೆರೆಸಿ ವಸ್ತುವನ್ನು ಚೆನ್ನಾಗಿ ಪರೀಕ್ಷಿಸಬೇಕು. ಟ್ರಾನ್ಸ್‌ಫರ್ ಮುಗಿದ ಬಂದೂಕು ‘ಬಳಸಿದ್ದು’ ಎಂದು ಲೆಕ್ಕವಾಗುವುದರಿಂದ ಹೆಚ್ಚಿನ ವ್ಯಾಪಾರಿಗಳು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ವಸ್ತು ಸರಿಯಿದ್ದರೆ ‘4473’ ಎಂಬ ಫಾರಂ ಮುಂದಿಡುತ್ತಾರೆ. ನಿಜವಾಗಿ ಕೊಳ್ಳುತ್ತಿರುವವರು ನೀವೇ? ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ? ಮಾದಕ ವಸ್ತು ಸೇವಿಸುತ್ತೀರಾ? ನ್ಯಾಯಾಲಯ ನಿಮ್ಮನ್ನು ಮಾನಸಿಕ ಚಿಕಿತ್ಸೆಗೆ ಒಪ್ಪಿಸಿತ್ತೇ? ಕೌಟುಂಬಿಕ ಹಿಂಸೆಯ ಪ್ರಕರಣವಿದೆಯೇ? ವಲಸೆಗಾರರಲ್ಲದ ವೀಸಾದ ಮೇಲೆ ಬಂದಿದ್ದೀರಾ? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಬೇಕು. ಸುಳ್ಳು ಹೇಳಿದರೆ 10 ವರ್ಷದವರೆಗೆ ಸೆರೆಮನೆ. ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ 2018ರಲ್ಲಿ ರಿವಾಲ್ವರ್ ಕೊಳ್ಳುವಾಗ ಇದೇ ಫಾರಂನ ಮಾದಕ ವಸ್ತುವಿನ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟದ್ದಕ್ಕೆ 2024ರ ಜೂನ್‌ನಲ್ಲಿ ತಪ್ಪಿತಸ್ಥರಾದರು. ಅದೇ ವರ್ಷ ಡಿಸೆಂಬರ್‌ನಲ್ಲಿ ತಂದೆ ಕ್ಷಮಾದಾನ ಕೊಟ್ಟರು.

ಫಾರಂನ ವಿವರಗಳು ಎಫ್‌ಬಿಐನ ‘ನಿಕ್ಸ್’ ವ್ಯವಸ್ಥೆಗೆ ಹೋಗುತ್ತವೆ. ಅದರ ಕೇಂದ್ರ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿದೆ. ಕೆಲವು ರಾಜ್ಯಗಳಲ್ಲಿ ಈ ಕೆಲಸವನ್ನು ರಾಜ್ಯದ ಪೊಲೀಸರೇ ಮಾಡುತ್ತಾರೆ. ಮುಂದುವರಿಸಿ, ತಡೆಯಿರಿ, ಕೊಡಬೇಡಿ ಎಂದು ಉತ್ತರ ಮೂರು ಬಗೆ. ಹೆಚ್ಚಿನವರಿಗೆ ಕೆಲವೇ ನಿಮಿಷದಲ್ಲಿ ಮೊದಲನೆಯದು ಬರುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಬಂದರೂ 10 ದಿನ ಕಾಯಲೇಬೇಕು. ಪಿಸ್ತೂಲು, ರಿವಾಲ್ವರ್‌ಗಳನ್ನು ಸ್ವಂತ ರಾಜ್ಯದ ಡೀಲರ್ ಮೂಲಕವೇ ಪಡೆಯಬೇಕೆಂಬುದು ದೇಶಕ್ಕೆಲ್ಲ ಅನ್ವಯಿಸುವ ನಿಯಮ.

ಇಷ್ಟೆಲ್ಲ ಏರ್ಪಾಡಿನ ಹಿಂದೆ ಒಂದು ಕೊಲೆಯಿದೆ. 1963ರ ಮಾರ್ಚ್‌ನಲ್ಲಿ ಡಲ್ಲಾಸ್‌ನ ಒಂದು ಅಂಚೆ ಪೆಟ್ಟಿಗೆ ವಿಳಾಸದಿಂದ ‘ಎ. ಹೈಡೆಲ್’ ಎಂಬ ಹೆಸರಿನವನು ಪತ್ರಿಕೆಯ ಜಾಹೀರಾತಿನ ಕೂಪನ್ ಕತ್ತರಿಸಿ, ಮನಿಯಾರ್ಡರ್ ಜೊತೆಗೆ ಷಿಕಾಗೋದ ಒಂದು ಕ್ರೀಡಾ ಸಾಮಗ್ರಿ ಅಂಗಡಿಗೆ ಕಳಿಸಿದ. ದೂರದರ್ಶಕ ಜೋಡಿಸಿದ ಇಟಲಿಯ ರೈಫಲ್‌ಗೆ 19.95 ಡಾಲರ್, ಅಂಚೆ ವೆಚ್ಚ ಒಂದೂವರೆ ಡಾಲರ್. ರೈಫಲ್ ಅಂಚೆಯಲ್ಲೇ ಬಂತು. ಹೈಡೆಲ್ ಎಂಬುದು ಲೀ ಹಾರ್ವೆ ಆಸ್ವಾಲ್ಡ್ ಇಟ್ಟುಕೊಂಡಿದ್ದ ಸುಳ್ಳು ಹೆಸರು. ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಅವರನ್ನು ಕೊಂದದ್ದು ಆ ರೈಫಲ್. ಅದೇ ದಿನ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ ರಿವಾಲ್ವರನ್ನೂ ಅವನು ಲಾಸ್ ಏಂಜಲೀಸ್‌ನಿಂದ ಹೀಗೆಯೇ ತರಿಸಿಕೊಂಡಿದ್ದ. ಬಚ್ಚಿಡಬಹುದಾದ ಬಂದೂಕುಗಳನ್ನು ಅಂಚೆಯಲ್ಲಿ ಕಳಿಸುವುದನ್ನು 1927ರಲ್ಲೇ ನಿಷೇಧಿಸಲಾಗಿತ್ತು. ಆ ನಿಷೇಧ ಖಾಸಗಿ ಸಾಗಣೆ ಕಂಪನಿಗಳಿಗೆ ಅನ್ವಯಿಸುತ್ತಿರಲಿಲ್ಲ. ರಿವಾಲ್ವರ್ ಬಂದದ್ದು ಆ ದಾರಿಯಲ್ಲಿ.

ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ಅಂಚೆ ಬಂದೂಕುಗಳ ವಿರುದ್ಧ ಕೆನಡಿ ಹತ್ಯೆಗೆ ಮೊದಲೇ ಮಸೂದೆ ಮಂಡಿಸಿದ್ದರು. ಹತ್ಯೆಯ ನಂತರವೂ ಅದು ಐದು ವರ್ಷ ಹಾಗೆಯೇ ಬಿದ್ದಿತ್ತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತರಾದರು. ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಬೇರೆ ರಾಜ್ಯದಿಂದ ಬರುವ ಬಂದೂಕು ಪರವಾನಗಿ ಪಡೆದವನ ಕೈಗೇ ಹೋಗಬೇಕೆಂಬ ನಿಯಮ ಬಂದದ್ದು ಆಗ. ಬಂದೂಕುಗಳ ನೋಂದಣಿಯೂ ಮಾಲೀಕರಿಗೆ ಪರವಾನಗಿಯೂ ಬೇಕೆಂದು ಜಾನ್ಸನ್ ಬಯಸಿದ್ದರು. ಕಾಂಗ್ರೆಸ್ ಅವೆರಡನ್ನೂ ಕೊಡಲಿಲ್ಲ. ಇಂಟರ್ನೆಟ್ ವ್ಯಾಪಾರ ಶುರುವಾಗುವುದಕ್ಕೆ ಮೂರು ದಶಕ ಮೊದಲೇ ಬಂದ ಕಾನೂನು ಇಂಟರ್ನೆಟ್ ವ್ಯಾಪಾರವನ್ನೂ ಕಟ್ಟಿಹಾಕಿತು ಎಂಬುದು ಸಣ್ಣ ಸಂಗತಿಯಲ್ಲ. ಜಾಹೀರಾತಿನ ಜಾಗಕ್ಕೆ ಜಾಲತಾಣ ಬಂದರೂ ಕೌಂಟರ್ ಕದಲಲಿಲ್ಲ.

ಆದರೂ ಆ ಕೌಂಟರ್ ಬಹುಕಾಲ ಕುರುಡಾಗಿತ್ತು. ಗಿರಾಕಿ ಫಾರಂನಲ್ಲಿ ಬರೆದದ್ದನ್ನು ಡೀಲರ್ ನಂಬಬೇಕಿತ್ತು, ತಾಳೆ ನೋಡಲು ದಾರಿಯಿರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿಸಿದವನು ರಿವಾಲ್ವರ್ ಕೊಂಡದ್ದು ಡಲ್ಲಾಸ್‌ನ ಒಂದು ಗಿರವಿ ಅಂಗಡಿಯಲ್ಲಿ, ಹೀಗೆ ಫಾರಂ ತುಂಬಿಯೇ. ಆ ದಿನ ತಲೆಗೆ ಗುಂಡು ತಗುಲಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ಹೆಸರಿನ ಕಾಯ್ದೆ 1993ರಲ್ಲಿ ಬಂತು. ಅದರಂತೆ 1998ರ ನವೆಂಬರ್ 30ರಿಂದ ನಿಕ್ಸ್ ಕೆಲಸ ಶುರುವಾಯಿತು. ಡೀಲರ್‌ಗಳ ಸಂಖ್ಯೆಯೂ ಇಳಿಯಿತು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಹತ್ತು ಡಾಲರ್ ಕಟ್ಟಿ ಪರವಾನಗಿ ಪಡೆದವರು ಎರಡೂವರೆ ಲಕ್ಷಕ್ಕೂ ಹೆಚ್ಚಿದ್ದರು. ಅವರಲ್ಲಿ ಅನೇಕರು ಮನೆಯ ಅಡುಗೆ ಮೇಜಿನ ಮೇಲೆಯೇ ವ್ಯಾಪಾರ ಮಾಡುತ್ತಿದ್ದರು. ಶುಲ್ಕವನ್ನು ಮೂರು ವರ್ಷಕ್ಕೆ 200 ಡಾಲರ್‌ಗೆ ಏರಿಸಿ ತಪಾಸಣೆ ಬಿಗಿ ಮಾಡಿದ ಮೇಲೆ ಬಹಳಷ್ಟು ಮಂದಿ ಕೈಬಿಟ್ಟರು.

ಕೌಂಟರ್ ಎಲ್ಲ ನಿಯಮವನ್ನೂ ಪಾಲಿಸಿಯೂ ಸೋಲಬಹುದು. ಅದಕ್ಕೆ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ದುರಂತಕ್ಕಿಂತ ನೋವಿನ ನಿದರ್ಶನ ನನಗೆ ಗೊತ್ತಿಲ್ಲ. 2007ರ ಫೆಬ್ರುವರಿಯಲ್ಲಿ ಅಲ್ಲಿನ ವಿದ್ಯಾರ್ಥಿ ಸೆಂಗ್-ಹುಯಿ ಚೋ ವಿಸ್ಕಾನ್ಸಿನ್‌ನ ಆನ್‌ಲೈನ್ ವ್ಯಾಪಾರಿಯಿಂದ ವಾಲ್ಥರ್ ಕಂಪನಿಯ .22 ಪಿಸ್ತೂಲು ಕೊಂಡ. ಅದು ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ವಿಶ್ವವಿದ್ಯಾಲಯದ ಸಮೀಪವೇ ಇದ್ದ ಒಂದು ಗಿರವಿ ಅಂಗಡಿಗೆ ಬಂತು. ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ ಅವನ ಬಳಿ ಗ್ರೀನ್ ಕಾರ್ಡ್ ಇತ್ತು. ಅದನ್ನು ತೋರಿಸಿದ, ಫಾರಂ ತುಂಬಿದ, ತಪಾಸಣೆಯಲ್ಲಿ ತೇರ್ಗಡೆಯಾದ. ತಿಂಗಳಿಗೆ ಒಂದೇ ಪಿಸ್ತೂಲು ಎಂಬ ನಿಯಮ ಆಗ ವರ್ಜೀನಿಯಾದಲ್ಲಿತ್ತು. ಆ ಅವಧಿ ದಾಟಿದ ಮೇಲೆ ಮಾರ್ಚ್‌ನಲ್ಲಿ ಇನ್ನೊಂದು ಅಂಗಡಿಯಿಂದ ಗ್ಲಾಕ್ ಕೊಂಡ. ಏಪ್ರಿಲ್ 16ರಂದು 32 ಮಂದಿಯನ್ನು ಕೊಂದು ತಾನೂ ಸತ್ತ. ಸತ್ತವರಲ್ಲಿ ತಮಿಳುನಾಡಿನಿಂದ ಹೋಗಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಇದ್ದರು, ವಾಸ್ತುಶಿಲ್ಪ ಓದಲು ಮುಂಬೈಯಿಂದ ಹೋಗಿದ್ದ ಮಿನಲ್ ಪಾಂಚಾಲ್ ಇದ್ದರು.

ಗಿರವಿ ಅಂಗಡಿಯವನು ಯಾವ ನಿಯಮವನ್ನೂ ಮುರಿದಿರಲಿಲ್ಲ. 2005ರ ಡಿಸೆಂಬರ್‌ನಲ್ಲಿ ನ್ಯಾಯಾಧಿಕಾರಿಯೊಬ್ಬರು ಚೋನಿಂದ ಅವನಿಗೇ ಅಪಾಯವಿದೆ ಎಂದು ಗುರುತಿಸಿ ಹೊರರೋಗಿಯಾಗಿ ಚಿಕಿತ್ಸೆ ಪಡೆಯಲು ಆದೇಶಿಸಿದ್ದರು. ಕೇಂದ್ರ ಕಾನೂನಿನ ಪ್ರಕಾರ ಅಂಥ ಆದೇಶವಿದ್ದವರು ಬಂದೂಕು ಕೊಳ್ಳುವಂತಿಲ್ಲ. ಆದರೆ ವರ್ಜೀನಿಯಾ ಆಗ ಆಸ್ಪತ್ರೆಗೆ ಸೇರಿಸಿದವರ ಹೆಸರನ್ನಷ್ಟೇ ಪಟ್ಟಿಗೆ ಕಳಿಸುತ್ತಿತ್ತು. ಹೊರರೋಗಿಯ ಹೆಸರು ಹೋಗಿರಲಿಲ್ಲ. ಅಂಗಡಿಯಿಂದ ಪ್ರಶ್ನೆ ಹೋದಾಗ ಕಂಪ್ಯೂಟರ್ ತನಗೆ ಗೊತ್ತಿದ್ದಷ್ಟನ್ನು ಹೇಳಿತು. ದುರಂತದ ನಂತರ ಗವರ್ನರ್ ಟಿಮ್ ಕೇನ್ ಅದೇ ಏಪ್ರಿಲ್ ತಿಂಗಳಲ್ಲಿ ಆದೇಶ ಹೊರಡಿಸಿ ಆ ಕಿಂಡಿಯನ್ನು ಮುಚ್ಚಿದರು. 2008ರ ಜನವರಿಯಲ್ಲಿ ರಾಜ್ಯಗಳು ಇಂಥ ದಾಖಲೆ ಕಳಿಸಲು ನೆರವಾಗುವ ಕೇಂದ್ರ ಕಾಯ್ದೆಯೂ ಬಂತು. ಎರಡೇ ವಾರಗಳಲ್ಲಿ, ಒಂದು ಸಹಿಯಲ್ಲಿ ಮುಚ್ಚಬಹುದಾಗಿದ್ದ ಕಿಂಡಿಗಾಗಿ 32 ಜನ ಸಾಯಬೇಕಾಯಿತು ಎಂಬುದನ್ನು ಓದುವಾಗ ಸಿಟ್ಟು ಬರುತ್ತದೆ. ಬರಬೇಕು ಕೂಡ.

ಇನ್ನೊಂದು ಕಿಂಡಿ ಇಂದಿಗೂ ತೆರೆದಿದೆ. ‘ತಡೆಯಿರಿ’ ಎಂಬ ಉತ್ತರ ಬಂದು ಮೂರು ಕೆಲಸದ ದಿನ ಕಳೆದರೂ ಎಫ್‌ಬಿಐ ಏನೂ ಹೇಳದಿದ್ದರೆ ಡೀಲರ್ ಬಂದೂಕನ್ನು ಕೊಡಬಹುದು. 21 ವರ್ಷದೊಳಗಿನವರ ವಿಷಯದಲ್ಲಿ 2022ರ ಕಾಯ್ದೆ ಈ ಅವಧಿಯನ್ನು ಅಗತ್ಯವಿದ್ದರೆ ಹತ್ತು ಕೆಲಸದ ದಿನಕ್ಕೆ ಹೆಚ್ಚಿಸಿದೆ. 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಎಮಾನ್ಯುಯೆಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಕಪ್ಪು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೆ. ಅವನ ಬಂಧನದ ದಾಖಲೆ ತಪ್ಪು ಇಲಾಖೆಯ ಹೆಸರಿನಲ್ಲಿ ಸೇರಿಹೋಗಿತ್ತು. ತನಿಖಾಧಿಕಾರಿಗೆ ಅದು ಸಿಗದೆಯೇ ಮೂರು ದಿನ ಕಳೆದುಹೋಯಿತು. ಇಲ್ಲಿ ಗಮನಿಸಬೇಕಾದ ಮಾತು, ಕಾನೂನು ‘ಕೊಡಬಹುದು’ ಎನ್ನುತ್ತದೆ, ‘ಕೊಡಲೇಬೇಕು’ ಎನ್ನುವುದಿಲ್ಲ. ವಾಲ್‌ಮಾರ್ಟ್ ಸ್ಪಷ್ಟ ಒಪ್ಪಿಗೆ ಬರುವವರೆಗೆ ಯಾರಿಗೂ ಬಂದೂಕು ಕೊಡುವುದಿಲ್ಲ. ಗಿರಾಕಿಯ ನಡವಳಿಕೆ ಸರಿಯಿಲ್ಲ ಅನ್ನಿಸಿದರೆ, ಪಕ್ಕದಲ್ಲಿ ನಿಂತವರು ಉತ್ತರ ಹೇಳಿಕೊಡುತ್ತಿದ್ದರೆ, ಡೀಲರ್ ವ್ಯವಹಾರವನ್ನೇ ನಿಲ್ಲಿಸಬಹುದು. ಮೂವತ್ತು ಡಾಲರ್ ಶುಲ್ಕಕ್ಕೆ ಕೆಲಸ ಮಾಡುವ ಆ ಚಿಕ್ಕ ಅಂಗಡಿಯವನ ಮೇಲೆ ಅಮೆರಿಕ ಅಪಾರ ಭಾರ ಹೊರಿಸಿದೆ.

ಕೌಂಟರನ್ನೇ ತಪ್ಪಿಸುವ ದಾರಿಗಳೂ ಇವೆ. ಕೇಂದ್ರ ಕಾನೂನಿನ ಕಣ್ಣಿಗೆ ಬಂದೂಕೆಂದರೆ ಸರಣಿ ಸಂಖ್ಯೆ ಇರುವ ಮೂಲ ಚೌಕಟ್ಟು ಮಾತ್ರ. ನಳಿಗೆ, ಹಿಡಿ, ಗುಂಡಿನ ಪೆಟ್ಟಿಗೆ ಇವೆಲ್ಲ ಹೆಚ್ಚಿನ ರಾಜ್ಯಗಳಲ್ಲಿ ಮನೆಗೇ ಬರುತ್ತವೆ. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಹಳೆಯ ಬಂದೂಕು ಆ ಕಾನೂನಿನ ಲೆಕ್ಕದಲ್ಲಿ ಬಂದೂಕೇ ಅಲ್ಲ. ಅರೆಬರೆ ತಯಾರಿಸಿದ ಚೌಕಟ್ಟನ್ನು ಕಿಟ್ ರೂಪದಲ್ಲಿ ತರಿಸಿ, ಮನೆಯಲ್ಲಿ ಜೋಡಿಸಿ, ಸಂಖ್ಯೆಯೇ ಇಲ್ಲದ ಬಂದೂಕು ಮಾಡಿಕೊಳ್ಳುವವರು ಹೆಚ್ಚಿದಾಗ ಎಟಿಎಫ್ 2022ರಲ್ಲಿ ಅಂಥ ಕಿಟ್‌ಗಳನ್ನೂ ನಿಯಮದೊಳಗೆ ತಂದಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ನಿಯಮವನ್ನು ಎತ್ತಿಹಿಡಿಯಿತು.

ಇವೆಲ್ಲಕ್ಕಿಂತ ದೊಡ್ಡ ಕಿಂಡಿ ಖಾಸಗಿ ಮಾರಾಟದ್ದು. ಒಂದೇ ರಾಜ್ಯದ ಇಬ್ಬರು ಖಾಸಗಿ ವ್ಯಕ್ತಿಗಳು ಆನ್‌ಲೈನ್ ಜಾಹೀರಾತು ನೋಡಿ, ಪಾರ್ಕಿಂಗ್ ಜಾಗದಲ್ಲಿ ಭೇಟಿಯಾಗಿ ಬಂದೂಕು ಕೈಬದಲಿಸಿದರೆ ಕೇಂದ್ರ ಕಾನೂನು ಯಾವ ತಪಾಸಣೆಯನ್ನೂ ಕೇಳುವುದಿಲ್ಲ. 2012ರ ಅಕ್ಟೋಬರ್‌ನಲ್ಲಿ ವಿಸ್ಕಾನ್ಸಿನ್‌ನಲ್ಲಿ ಹೆಂಡತಿಯ ಬಳಿ ಸುಳಿಯಬಾರದೆಂಬ ನ್ಯಾಯಾಲಯದ ಆದೇಶವಿದ್ದ ಒಬ್ಬ ಹೀಗೆಯೇ ಪಿಸ್ತೂಲು ಕೊಂಡು, ಆಕೆ ಕೆಲಸ ಮಾಡುತ್ತಿದ್ದ ಸ್ಪಾಗೆ ನುಗ್ಗಿ ಆಕೆಯೂ ಸೇರಿ ಮೂವರನ್ನು ಕೊಂದ. ಅಂಗಡಿಗೆ ಹೋಗಿದ್ದರೆ ಅವನಿಗೆ ಬಂದೂಕು ಸಿಗುತ್ತಿರಲಿಲ್ಲ. ಜಾಹೀರಾತು ಹಾಕಿದ ಜಾಲತಾಣದ ಮೇಲೆ ಹೂಡಿದ ದಾವೆ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಸುಮಾರು 20 ರಾಜ್ಯಗಳು ಖಾಸಗಿ ಮಾರಾಟಕ್ಕೂ ತಪಾಸಣೆ ಬೇಕೆನ್ನುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ನೆರೆಹೊರೆಯವರ ನಡುವಿನ ಮಾರಾಟವೂ ಡೀಲರ್ ಮುಂದೆಯೇ ನಡೆಯಬೇಕು. ಅದಕ್ಕೆ ಡೀಲರ್ ಪಡೆಯಬಹುದಾದ ಶುಲ್ಕಕ್ಕೆ ಹತ್ತು ಡಾಲರ್‌ನ ಮಿತಿ ಇದೆ, ಸರ್ಕಾರದ ಶುಲ್ಕ ಬೇರೆ. ಹತ್ತು ಡಾಲರ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಆಗುವ ಕೆಲಸ ಟೆಕ್ಸಾಸ್‌ನಲ್ಲಿ ಆಗದಿರಲು ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಈಗ ಅಮೆರಿಕದಲ್ಲಿರುವ ನಮ್ಮವರ ವಿಷಯ. ಅಲ್ಲಿನ ಕನ್ನಡಿಗರಲ್ಲಿ ಅನೇಕರು ಎಚ್-1ಬಿ ವೀಸಾದವರು, ಅವರ ಸಂಗಾತಿಗಳು, ವಿದ್ಯಾರ್ಥಿಗಳು. ಇವರೆಲ್ಲ ಕಾನೂನಿನ ಲೆಕ್ಕದಲ್ಲಿ ವಲಸೆಗಾರರಲ್ಲದ ವೀಸಾದವರು. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಇವರು ಬಂದೂಕು ಕೊಳ್ಳುವಂತಿಲ್ಲ. ಕೊಳ್ಳುವುದಿರಲಿ, ವಶದಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿಯುವುದೂ ‘ವಶ’ವೇ ಆಗುತ್ತದೆ. ಇದು ಗೊತ್ತಿಲ್ಲದೆ ಅಲ್ಲಿ ತೆಗೆದ ಫೋಟೊಗಳನ್ನು ಫೇಸ್‌ಬುಕ್‌ಗೆ ಹಾಕುವವರಿದ್ದಾರೆ. ಈ ಅಪರಾಧಕ್ಕೆ 15 ವರ್ಷದವರೆಗೆ ಶಿಕ್ಷೆಯಿದೆ. ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಗ್ರೀನ್ ಕಾರ್ಡ್ ಉಳ್ಳವರು ಬಂದೂಕು ಕೊಳ್ಳಬಹುದು, ಆದರೆ ಗಾಂಜಾ ಕಾನೂನುಬದ್ಧವಾಗಿರುವ ರಾಜ್ಯದಲ್ಲಿ ಅದನ್ನು ಸೇವಿಸುವವರು ಫಾರಂನಲ್ಲಿ ‘ಇಲ್ಲ’ ಎಂದು ಬರೆದರೆ ಅದು ಸುಳ್ಳೇ. ಈ ಎಚ್ಚರಿಕೆ ಫಾರಂನಲ್ಲೇ ಅಚ್ಚಾಗಿದೆ.

ಗೆಳೆಯನಿಗಾಗಿ, ಅಣ್ಣತಮ್ಮನಿಗಾಗಿ ನಾನೇ ಕೊಂಡುಕೊಟ್ಟರಾಯಿತು ಎಂದುಕೊಳ್ಳುವವರು ಅಬ್ರಾಮ್ಸ್ಕಿ ಪ್ರಕರಣವನ್ನು ತಿಳಿದಿರಬೇಕು. ವರ್ಜೀನಿಯಾದ ಮಾಜಿ ಪೊಲೀಸ್ ಬ್ರೂಸ್ ಅಬ್ರಾಮ್ಸ್ಕಿ 2009ರಲ್ಲಿ ಪೆನ್ಸಿಲ್ವೇನಿಯಾದ ತಮ್ಮ ಬಂಧುವಿಗಾಗಿ ಪೊಲೀಸರಿಗಿದ್ದ ರಿಯಾಯಿತಿ ದರದಲ್ಲಿ ಗ್ಲಾಕ್ ಕೊಂಡರು. ಬಂಧು 400 ಡಾಲರ್ ಚೆಕ್ ಮೊದಲೇ ಕಳಿಸಿದ್ದ. ‘ನಿಜವಾಗಿ ಕೊಳ್ಳುತ್ತಿರುವವರು ನೀವೇ?’ ಎಂಬ ಪ್ರಶ್ನೆಗೆ ಅಬ್ರಾಮ್ಸ್ಕಿ ಹೌದೆಂದರು. ಆಮೇಲೆ ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ ಕ್ರಮವಾಗಿ ಟ್ರಾನ್ಸ್‌ಫರ್ ಮಾಡಿಸಿದರು, ಬಂಧು ತಪಾಸಣೆಯಲ್ಲಿ ತೇರ್ಗಡೆಯೂ ಆದ. ಇಬ್ಬರೂ ಬಂದೂಕು ಇಟ್ಟುಕೊಳ್ಳಲು ಅರ್ಹರೇ. ಹಾಗಿದ್ದರೂ ಮೊದಲ ಕೌಂಟರಿನಲ್ಲಿ ಹೇಳಿದ್ದು ಸುಳ್ಳು ಎಂದು 2014ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಶಿಕ್ಷೆಯನ್ನು ಖಾಯಂ ಮಾಡಿತು. ಸ್ವಂತ ಹಣದಲ್ಲಿ ನಿಜವಾದ ಉಡುಗೊರೆ ಕೊಡುವುದು ಬೇರೆ, ಇನ್ನೊಬ್ಬನ ಹಣದಲ್ಲಿ ಅವನಿಗಾಗಿ ಕೊಳ್ಳುವುದು ಬೇರೆ. ಎಚ್-1ಬಿಯಲ್ಲಿರುವ ಗೆಳೆಯನಿಗಾಗಿ ಕೊಂಡರಂತೂ ಇಬ್ಬರೂ ಸಿಕ್ಕಿಬೀಳುತ್ತಾರೆ.

ಗ್ರೀನ್ ಕಾರ್ಡ್ ಪಡೆದು, ಯೋಚಿಸಿ ಬಂದೂಕು ಬೇಕೆಂದು ತೀರ್ಮಾನಿಸಿದವರಿಗೆ ನನ್ನದೊಂದು ಕೋರಿಕೆ: ನಿಮ್ಮ ರಾಜ್ಯ ಕೇಳದಿದ್ದರೂ ಖಾಸಗಿ ವ್ಯಕ್ತಿಯಿಂದ ಪಾರ್ಕಿಂಗ್ ಜಾಗದಲ್ಲಿ ಕೊಳ್ಳಬೇಡಿ, ಅಲ್ಲಿ ಮಾರಲೂ ಬೇಡಿ. ಡೀಲರ್ ಬಳಿ ಹೋಗಿ, ಶುಲ್ಕ ಕೊಟ್ಟು ಟ್ರಾನ್ಸ್‌ಫರ್ ಮಾಡಿಸಿ. ಇನ್ನೂ ವೀಸಾದ ಮೇಲಿರುವವರು ರೇಂಜಿಗೆ ಹೊರಡುವ ಮುನ್ನ ವಲಸೆ ಕಾನೂನಿನ ವಕೀಲರೊಬ್ಬರನ್ನು ಕೇಳಿ. ಈ ವಿಷಯದಲ್ಲಿ ಸಹೋದ್ಯೋಗಿಯ ಭರವಸೆಯನ್ನು ನಂಬಬೇಡಿ, ಅಂಗಡಿಯವನ ಮಾತನ್ನೂ ನಂಬಬೇಡಿ.